ಜಮಖಾನೆ ಮೇಷ್ಟರು

ನೆಲದ ಮೇಲೆ ಹಾಸಿದ್ದೇನಾದರೂ ಮಟ್ಟಸವಾಗಿ ಬಿದ್ದಿದ್ದರೆ ಭೂವಿಜ್ಞಾನದ ಮೇಷ್ಟರಿಗೆ ಸಹಿಸಲಾಗುತ್ತಿರಲಿಲ್ಲ. ನೆಂಟರ ಮನೆಯಾಗಲಿ, ವಕೀಲರ ಕಚೇರಿಯಾಗಲಿ, ಮಂಡಿಯೂರಿ ಕುಳಿತು, ಜಮಖಾನೆಯ ಎರಡು ಅಂಚುಗಳನ್ನೂ ಒಳಕ್ಕೆ ತಳ್ಳಿ, ನಡುವೆ ಎದ್ದ ಮಡಿಕೆಯನ್ನು ಮೊಮ್ಮಗುವಿನ ಬೆನ್ನಿನಂತೆ ನೇವರಿಸಿ, "ನೋಡಿ, ಪರ್ವತ!" ಎನ್ನುವರು. ಆ ಪರ್ವತಕ್ಕೆ ಎಡವಿ ಬಿದ್ದವರನ್ನು ಎಬ್ಬಿಸುವ ಕೆಲಸ ಅವರ ಹೆಂಡತಿಯದು.

ನಡಿಗೆಯೂ ವಿಷಯಕ್ಕೆ ತಕ್ಕುದೇ. ಭೂಖಂಡಗಳು ಉಗುರು ಬೆಳೆಯುವ ವೇಗದಲ್ಲಿ ಸರಿಯುತ್ತವೆಂದು ಪಾಠ ಹೇಳುತ್ತ ಹೇಳುತ್ತ ತಾವೂ ಅದೇ ಗತಿಗೆ ಇಳಿದಿದ್ದರು, "ಅವಸರ ಏನಿದೆ?" ಎಂಬುದು ಉಸಿರಿನಷ್ಟೇ ಸಹಜವಾದ ಮಾತು. ಕಂದು ಕೋಟಿನ ಜೇಬುಗಳು ಕಲ್ಲುಗಳ ಭಾರಕ್ಕೆ ಮೊಣಕಾಲಿನತ್ತ ಜೋತುಬಿದ್ದಿದ್ದವು. ಹರಿದ ಜೇಬಿಗೆ ಹೊಲಿಗೆ ಹಾಕುತ್ತ ಹೆಂಡತಿ, "ನಾನು ಮದುವೆ ಆಗಿದ್ದು ಗಂಡನ್ನೋ ಗುಡ್ಡಾನೋ?" ಎಂದು ಗೊಣಗಿದರೆ, ಅವರು ಉತ್ತರಕ್ಕಾಗಿ ಗಂಭೀರವಾಗಿಯೇ ಯೋಚಿಸುವರು.

ಅಂಥವರೂ ಒಮ್ಮೆ ಬೆವೆತರು. ವಿದ್ಯಾರ್ಥಿಗಳಿಲ್ಲವೆಂದು ಅವರ ವಿಭಾಗವನ್ನೇ ಮುಚ್ಚುವ ಮಾತೆದ್ದು, ಪರಿಶೀಲನೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು ಪ್ರಾಂಶುಪಾಲರ ಕೋಣೆಯಲ್ಲಿ ಕುಳಿತು ಮೇಷ್ಟರನ್ನು ಕರೆಸಿದರು. ಆ ಅಧಿಕಾರಿಗೂ ಪ್ರಾಂಶುಪಾಲರಿಗೂ ಹಳೆಯ ಎಣ್ಣೆ ಸೀಗೆಕಾಯಿ ಸಂಬಂಧ.

"ನಿಮ್ಮ ವಿಷಯದಿಂದ ಏನ್ರೀ ಉಪಯೋಗ?" ಎಂದರು ಅಧಿಕಾರಿ.

ಮೇಷ್ಟರ ಕಣ್ಣು ಕೋಣೆಯ ನೆಲಕ್ಕೆ ಹಾಸಿದ್ದ ಜಮಖಾನೆಯ ಮೇಲೆ ಬಿತ್ತು. ಬಾಯಿಗೆ ಬಾರದ ಉತ್ತರ ಕೈಗೆ ಬಂದಿತು. "ತಾವು ಜಮಖಾನೆಯ ಆ ತುದಿ ಹಿಡ್ಕೊಳ್ಳಿ ಸಾರ್. ಪ್ರಿನ್ಸಿಪಾಲರೇ, ನೀವು ಈ ತುದಿ. ಎರಡು ಖಂಡ ಎದುರುಬದುರು ಸರೀತಿವೆ ಅಂದ್ಕೊಳ್ಳಿ. ಹಾಂ, ತಳ್ಳಿ!"

ಇಬ್ಬರೂ ಬಿಗುಮಾನದಿಂದಲೇ ಮಂಡಿಯೂರಿದರು. ಎದುರಿಗೆ ವೈರಿಯ ಮುಖ ಕಂಡದ್ದೇ ತಡ, ಹಲ್ಲು ಕಚ್ಚಿ ತಳ್ಳತೊಡಗಿದರು. ಜಮಖಾನೆ ಮಡಿಕೆಮಡಿಕೆಯಾಗಿ ಎದ್ದು, ಮೇಲಿದ್ದ ಪುಟ್ಟ ಮೇಜು ವಾಲಿ, ಚಹಾದ ಲೋಟಗಳು ಕಣಿವೆಗೆ ಉರುಳಿದವು.

"ಈಗ ನಮ್ಮಿಬ್ರಲ್ಲಿ ಯಾರು ಕೆಳಗೆ ಹೋಗ್ಬೇಕು?" ಅಧಿಕಾರಿ ಏದುಸಿರು ಬಿಟ್ಟರು.

"ಭಾರ ಇರೋದು ಹಗುರದ್ದರ ಕೆಳಗೆ ನುಸುಳುತ್ತೆ ಸಾರ್, ಸಮುದ್ರದ ತಳ ಖಂಡದ ಕೆಳಗೆ ಹೋಗೋ ಹಾಗೆ. ಎರಡೂ ಹಗುರ ಆದ್ರೆ ಯಾವುದೂ ತಗ್ಗಲ್ಲ, ಹೀಗೆ ಗುಡ್ಡ ಏಳುತ್ತೆ."

"ಅಂದ್ರೆ ನಾವಿಬ್ರೂ ಹಗುರ ಅಂತೀರಾ?" ಪ್ರಾಂಶುಪಾಲರು ಗುಡುಗಿದರು.

"ಅಯ್ಯೋ, ನಾನು ಹೇಳಿದ್ದು ಖಂಡಗಳ ವಿಷಯ!" ಮೇಷ್ಟರ ಗಾಬರಿ ಅಪ್ಪಟವಾಗಿತ್ತು.

ಮೊದಲು ನಕ್ಕವರು ಅಧಿಕಾರಿ. ಪ್ರಾಂಶುಪಾಲರಿಗೆ ಎದ್ದೇಳಲು ಕೈಕೊಟ್ಟವರೂ ಅವರೇ. ವಿಭಾಗ ಉಳಿಯಿತು, ಜಮಖಾನೆಯನ್ನು ಮಾತ್ರ ಮರುದಿನವೇ ನೆಲಕ್ಕೆ ಮೊಳೆ ಹೊಡೆದು ಕೂರಿಸಲಾಯಿತು.

ವಿದ್ಯೆಯಲ್ಲಿ ಮುಳುಗಿದ ಇಂಥವರಿಗೆ ಲೋಕವ್ಯವಹಾರ ತಿಳಿಯದೆಂದು ನಾವು ನಗುತ್ತೇವೆ. ನಿಜ, ತಿಳಿಯದು. ಯಾರ ಮುಂದೆ ಏನು ಆಡಬಾರದೆಂಬ ಜಾಣತನ ಅವರಿಗಿಲ್ಲ. ಇಲ್ಲದ್ದರಿಂದಲೇ ಅವರ ಬಾಯಿಂದ ಸತ್ಯ ಯಾರನ್ನೂ ಇರಿಯದೆ ಹೊರಬೀಳುತ್ತದೆ, ಕೇಳಿದವರು ಸಿಟ್ಟಾಗಲು ಹೊರಟು ನಕ್ಕುಬಿಡುತ್ತಾರೆ.