ನಾಯಕನ ಎತ್ತರ

ಟಿಣ್ ಅಂತ ಒಂದೇ ಒಂದು ಸಲ. ಆಮೇಲೆ ಯಾರೋ ಅಂಗೈಯಲ್ಲಿ ಮುಚ್ಚಿದ ಹಾಗೆ ಸದ್ದು ನಿಂತುಹೋಯಿತು.

ಬಿಂದುಶ್ರೀ ಎದ್ದು ಕೂತಳು. ಹಾಸ್ಟೆಲಿನಲ್ಲಿ ದೀಪ ಆರಿ ಬಹಳ ಹೊತ್ತಾಗಿತ್ತು. ಉಳಿದ ಹುಡುಗಿಯರು ಮಲಗಿದ್ದರು, ಇಲ್ಲವೇ ಮಲಗಿದವರ ಹಾಗೆ ಬಿದ್ದುಕೊಂಡಿದ್ದರು. ಪಕ್ಕದ ಹಾಸಿಗೆ ಖಾಲಿ ಇತ್ತು. ಮಂಚದ ಕೆಳಗೆ ಕೈ ಹಾಕಿ ನೋಡಿದರೆ ತನ್ನ ಗೆಜ್ಜೆಯ ಚೀಲವೂ ಇರಲಿಲ್ಲ.

ರುಬೀನಾ ಹೊರಗೆ ಮೆಟ್ಟಿಲ ಮೇಲೆ ಬಲ್ಬಿನ ಕೆಳಗೆ ಕೂತಿದ್ದಳು. ಮಡಿಲಲ್ಲಿ ಬಿಂದುವಿನ ಗೆಜ್ಜೆ, ಹಲ್ಲಿನಲ್ಲಿ ದಾರ.

"ಕಳ್ಳಿ," ಅಂದಳು ಬಿಂದು.

"ಮೆಲ್ಲಗೆ ಮಾತಾಡೇ. ಕೆಳಗಿನ ಸಾಲು ಸಡಿಲ ಆಗೈತೆ. ನಾಳೆ ಆಯ್ಕೇಲಿ ಉದುರಿದ್ರೆ ಅದರ ಮೇಲೇ ಕಾಲಿಟ್ಟು ಬೀಳ್ತೀಯ."

"ಬಿದ್ರೆ ನಿಂಗೇ ಒಳ್ಳೇದಲ್ವಾ?"

ರುಬೀನಾ ದಾರವನ್ನು ಕಚ್ಚಿ ತುಂಡು ಮಾಡಿದಳು. "ನೀನು ಬಿದ್ದು ನಾನು ಗೆದ್ರೆ ಅದೊಂದು ಗೆಲುವಾ? ಈ ಚಾಂದ್ ಪಾಷಾ ಮಗಳು ಬೇಕಂತ್ಲೇ ಗೆಜ್ಜೆ ಬಿಚ್ಚಿಟ್ಲು ಅಂತಾರೆ. ಹೋಗು, ಮಲಕ್ಕೋ."

ಬಗ್ಗಿ ಗಂಟು ಹಾಕುವಾಗ ಅವಳ ಮುಂಗೂದಲು ಕಣ್ಣಿನ ಮೇಲೆ ಬಿತ್ತು. ಕೈ ಬಿಡುವಿಲ್ಲದೆ ಅವಳು ಊದಿ ಅದನ್ನು ಹಾರಿಸಿದಳು. ಅದು ಮತ್ತೆ ಅಲ್ಲಿಗೇ ಬಿತ್ತು. ಅದನ್ನು ಕಿವಿಯ ಹಿಂದೆ ಸರಿಸಬೇಕು ಅಂತ ಬಿಂದುವಿಗೆ ಅನ್ನಿಸಿತು. ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು, ಹೋಗಿ ಮಲಗಿದಳು.

ಹೆತ್ತೂರು ದಾಟಿ ಮೇಲಕ್ಕೆ, ಜೀಪಿನ ರಸ್ತೆ ಮುಗಿಯುವ ಕಡೆ ಆ ಕಲಾಶಾಲೆ ಇತ್ತು. ಮೊದಲು ಅದೊಂದು ಎಸ್ಟೇಟ್. ಕಾಫಿ ತುಂಬುತ್ತಿದ್ದ ಸ್ಟೋರನ್ನೇ ನಾಟ್ಯದ ಹಾಲ್ ಮಾಡಿದ್ದರು. ಬೆಳಿಗ್ಗೆ ಪಿಯುಸಿ ಪಾಠ, ಮಧ್ಯಾಹ್ನದಿಂದ ನಾಟ್ಯ. ಎರಡನೇ ಪಿಯುಸಿ ಮುಗಿಸುವವರಲ್ಲಿ ವರ್ಷಕ್ಕೆ ಒಬ್ಬರನ್ನು ಮಾತ್ರ ಆರಿಸಿ ಇಟ್ಟುಕೊಳ್ಳುತ್ತಿದ್ದರು. ಆ ಒಬ್ಬರ ರಂಗಪ್ರವೇಶ, ಮುಂದಿನ ಕಲಿಕೆ ಎಲ್ಲ ಶಾಲೆಯದೇ. ಉಳಿದವರು ಪೆಟ್ಟಿಗೆ ಕಟ್ಟಬೇಕು.

ಬಿಂದುವಿನ ಅಪ್ಪ ಯೋಗೇಶ್ ವನಗೂರಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಒಳ್ಳೆಯ ಮನುಷ್ಯ. ದೀಪಾವಳಿಯ ರಜೆಯಲ್ಲಿ ಮಗಳನ್ನು ಕೂರಿಸಿಕೊಂಡು ಹೇಳಿದ್ದ: "ನಿನ್ನ ತಗೊಂಡ್ರೆ ಕುಣೀ ಕಣವ್ವ, ನಾನು ಅಡ್ಡ ಬರಾಕಿಲ್ಲ. ತಗಣ್ಲಿಲ್ಲ ಅಂದ್ರೆ ಮನೆಗೆ ಬಂದ್ಬುಡು. ನಿಮ್ಮತ್ತೆ ಆಗ್ಲೇ ಯಸಳೂರಿನ ಕಡೆ ಒಂದು ಗಂಡು ನೋಡವ್ಳೆ." ಅವನು ಅದನ್ನು ಬೆದರಿಸಲು ಹೇಳಿರಲಿಲ್ಲ. ಮಗಳಿಗೆ ಸಮಾಧಾನವಾಗಲಿ ಅಂತಲೇ ಹೇಳಿದ್ದ. ಆ ಮಾತು ನೆನಪಾದಾಗಲೆಲ್ಲ ಬಿಂದು ಹೆದರಿ, ಎದ್ದು ಹೋಗಿ ಮತ್ತೆ ಹೆಜ್ಜೆ ಹಾಕುತ್ತಿದ್ದಳು.

ಇನ್ನೊಂದು ಭಯವೂ ಇತ್ತು. ಹಿಂದಿನ ವರ್ಷ ಮೇಲಿನ ತರಗತಿಯ ಇಬ್ಬರು ಹುಡುಗಿಯರು ಸದಾ ಒಟ್ಟಿಗಿರುತ್ತಾರೆ ಅಂತ ಯಾರೋ ಆಫೀಸಿಗೆ ಹೇಳಿದರು. ಅವರ ಮನೆಗಳಿಗೆ ಫೋನ್ ಹೋಯಿತು. ಯಾರನ್ನೂ ಯಾರೂ ಬೈಯಲಿಲ್ಲ. ಮರುದಿನ ತಟ್ಟಡವಿನ ಹೆಜ್ಜೆ ಹಾಕಲು ನಿಂತಾಗ ಸಾಲಿನಲ್ಲಿ ಎರಡು ಜಾಗ ಖಾಲಿ ಇತ್ತು. "ಹತ್ತಿರ ಬನ್ನಿ," ಅಂದರು ಶಾಲೆ ನಡೆಸಿ ನಾಟ್ಯ ಕಲಿಸುವ ಶೀಲಾ ಮೇಡಂ. ಎಲ್ಲರೂ ಒಂದೊಂದು ಹೆಜ್ಜೆ ಸರಿದು ಆ ಜಾಗ ಮುಚ್ಚಿದರು. ಬಿಂದುವೂ ಸರಿದಿದ್ದಳು.

ಶೀಲಾ ಮೇಡಂ ಅಭಿನಯ ಕಲಿಸುವ ಕ್ರಮವೇ ಬೇರೆ. ಬರಲಿರುವ ನಾಯಕನಿಗಾಗಿ ನಾಯಿಕೆ ಕಾಯುವ ಹಾಡುಗಳನ್ನು, ಅಂದರೆ ಪದಗಳನ್ನು, ಶುರು ಮಾಡುವ ಮೊದಲು, ಒಬ್ಬೊಬ್ಬರನ್ನೇ ಹಾಲಿನ ಕಂಬದ ಎದುರು ನಿಲ್ಲಿಸಿ ಕೇಳುತ್ತಿದ್ದರು: "ನಿನ್ನ ನಾಯಕ ಎಷ್ಟೆತ್ತರ?" ಹೇಳಿದ ಕಡೆ ಸೀಮೆಸುಣ್ಣದಲ್ಲಿ ಒಂದು ಗೀರು, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ. ಅವನು ಕಣ್ಣಿಗೆ ಕಾಣದವನು. ನೋಡುವವರಿಗೆ ಅವನು ಕಾಣಬೇಕಾದರೆ ನರ್ತಕಿಯ ದೃಷ್ಟಿ ಪ್ರತಿ ಸಲವೂ ಅದೇ ಎತ್ತರದಲ್ಲಿ ನಿಲ್ಲಬೇಕು. "ನಾಯಕ ಬೆಳೀಬಾರದು, ಕುಗ್ಗಬಾರದು," ಅನ್ನುತ್ತಿದ್ದರು. ಆ ಶಾಲೆಯಲ್ಲಿ ತಾಳ ತಪ್ಪುವುದಕ್ಕಿಂತ ದೊಡ್ಡ ತಪ್ಪು ಅದು.

ಹುಡುಗರೂ ನಾಯಿಕೆಯಾಗಬೇಕಿತ್ತು. ಬಿಂದುವಿನ ತರಗತಿಯ ಪ್ರಜ್ವಲನನ್ನು ಕೇಳಿದಾಗ ಅವನು ಕಂಬದ ಮೇಲೆ ಕೈ ಚಾಚಿ, "ಆರಡಿ ಮೇಡಂ, ಮೀಸೆ ಬೇರೆ ಐತೆ," ಅಂದಿದ್ದ. ಹಾಲ್ ಪೂರ್ತಿ ನಕ್ಕಿತ್ತು. ಆಮೇಲೆ ಬಿಂದುವಿನ ಹತ್ತಿರ ಕೂತು ಅವನು ಹೇಳಿದ್ದ: "ನೋಡ್ದೇನೇ, ಇದೊಂದು ಜಾಗದಲ್ಲಿ ನಾನು ನಿಜ ಹೇಳಿದ್ರೂ ಅಭಿನಯ ಅಂದ್ಕೊಂಡು ಚಪ್ಪಾಳೆ ತಟ್ತಾರೆ. ನಿಂಗೇ ಪಾಪ ಕಷ್ಟ."

ಅವನಿಗೆ ಗೊತ್ತಿತ್ತು. ಬಿಂದುವಿನ ವಿಷಯವೆಲ್ಲ ಅವನಿಗೆ ಗೊತ್ತಿತ್ತು, ಅವನದು ಅವಳಿಗೆ.

ಬಿಂದು ತನ್ನ ತಲೆಗಿಂತ ಅರ್ಧ ಗೇಣು ಮೇಲೆ ಗೀರು ಹಾಕಿಸಿಕೊಂಡಿದ್ದಳು. ಎಲ್ಲ ಹುಡುಗಿಯರೂ ಸುಮಾರು ಹಾಗೇ ಹಾಕಿಸಿಕೊಳ್ಳುತ್ತಿದ್ದರು. ಅವಳ ದೃಷ್ಟಿ ಒಮ್ಮೆಯೂ ಆ ಗೀರು ಬಿಟ್ಟು ಅಲುಗಲಿಲ್ಲ. ಹಾಗಿದ್ದರೂ ಶೀಲಾ ಮೇಡಂಗೆ ತೃಪ್ತಿಯಿರಲಿಲ್ಲ. "ಎತ್ತರ ಸರಿ ಇದೆ. ಅಲ್ಲಿ ಯಾರಿದ್ದಾರೆ? ಕಂಬ ಇದೆ ಅಷ್ಟೆ."

ಗೆಜ್ಜೆ ಹೊಲಿದ ರಾತ್ರಿ ಕಳೆದು ಬೆಳಗಾದಾಗ, ಆಯ್ಕೆಗೆ ಮೈಸೂರಿನಿಂದ ಸುಮಿತ್ರಮ್ಮ ಬಂದಿದ್ದರು. ಮಂಡಿ ನೋವಿನಿಂದಾಗಿ ಕುಣಿಯುವುದು ಬಿಟ್ಟು ವರ್ಷಗಳಾಗಿದ್ದರೂ ಅವರ ಬೆನ್ನು ಇನ್ನೂ ಬಾಗಿರಲಿಲ್ಲ. ಹೊರಗೆ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ಕಾಫಿ ಹೂವಿನ ವಾಸನೆಗೆ ತಲೆ ಭಾರವಾಗುತ್ತದೆ ಅಂತ ಅವರು ಕಿಟಕಿ ಮುಚ್ಚಿಸಿದರು.

ರುಬೀನಾ ಮೊದಲು ಕುಣಿದಳು. ಚೆನ್ನಾಗಿಯೇ ಕುಣಿದಳು. ಉದ್ದನೆಯ ವರ್ಣದ ಕೊನೆಕೊನೆಗೆ ಅವಳ ಅರಮಂಡಿ, ಮಂಡಿ ಬಗ್ಗಿಸಿದ ಆ ನಿಲುವು, ಸ್ವಲ್ಪ ಮೇಲೇಳುತ್ತಿತ್ತು; ಅದು ಅವಳ ಹಳೆಯ ತೊಂದರೆ. ಪದಕ್ಕೆ ಬಂದಾಗ ಮಾತ್ರ, ಬಾಗಿಲಲ್ಲಿ ನಿಂತ ನಾಯಕನನ್ನು ಅವಳು ಎಷ್ಟು ಸಲಿಗೆಯಿಂದ ಗದರಿಸಿದಳೆಂದರೆ, ಸುಮಿತ್ರಮ್ಮ ಬರೆಯುವುದು ನಿಲ್ಲಿಸಿ ನಕ್ಕರು. ಮುಗಿಸಿ ಬಂದು ಅವಳು ಕಂಬಕ್ಕೆ ಒರಗಿ ಕೂತಳು. ಅವಳ ಮುಖದಲ್ಲಿ ಬೆವರು, ಮುಂಗೂದಲು ಹಣೆಗೆ ಅಂಟಿತ್ತು.

ಬಿಂದುವಿನ ವರ್ಣದಲ್ಲಿ ಒಂದು ಹೆಜ್ಜೆಯೂ ತಪ್ಪಲಿಲ್ಲ. ಪದ ಶುರುವಾಯಿತು. ಮೊದಲ ಸಾಲು, ದೀಪ ಹಚ್ಚಿ ಕಾಯುವುದು. ಎರಡನೆಯ ಸಾಲು, ಹೆಜ್ಜೆಸದ್ದು ಕೇಳಿ ಬಾಗಿಲಿಗೆ ಓಡುವುದು. ಎರಡರಲ್ಲೂ ಅವಳ ಕಣ್ಣು ಆ ಗೀರಿನ ಎತ್ತರದಲ್ಲೇ ಇತ್ತು. ಮೂರನೆಯದರಲ್ಲಿ ಅವನು ಬರಬೇಕು.

ಬಾಗಿಲು ತೆರೆಯುವ ಹಸ್ತ ಹಿಡಿದಳು. ಕಣ್ಣೆತ್ತಬೇಕಿತ್ತು. ಆದರೆ ಅದು ಎಲ್ಲಿ ಹೋಗಿ ನಿಂತಿತೋ ಆ ಎತ್ತರ ಅವಳಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ತಪ್ಪಿದ್ದು ಆ ಕ್ಷಣ ತಿಳಿಯಲೇ ಇಲ್ಲ. ದೃಷ್ಟಿ ಮೇಲೇರುವ ಬದಲು ಸ್ವಲ್ಪ ಕೆಳಗಿಳಿದಿತ್ತು, ತನಗಿಂತ ಕುಳ್ಳಗಿರುವ ಒಬ್ಬರ ಕಣ್ಣಿನ ಮಟ್ಟಕ್ಕೆ. ನಾಯಕನ ಉತ್ತರೀಯ ಸರಿಪಡಿಸಬೇಕಾದ ಕೈ ಮುಂದೆ ಹೋಗಿ, ಹಣೆಯ ಮೇಲೆ ಬಿದ್ದ ಕೂದಲನ್ನು ಮೆಲ್ಲಗೆ ಕಿವಿಯ ಹಿಂದೆ ಸರಿಸಿತು.

ಹಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಗ ಅವಳಿಗೆ ಗೊತ್ತಾಯಿತು.

ಬೇರೆ ಎಲ್ಲಿಯಾದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಈ ಹಾಲಿನಲ್ಲಿ ಕೂತಿದ್ದವರೆಲ್ಲ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ನೋಡಲು ಕಲಿತವರು. ಈಗಲೂ ಕಣ್ಣನ್ನು ಮೇಲಕ್ಕೆತ್ತಿದರೆ ಅದೊಂದು ಜಾರಿದ ದೃಷ್ಟಿ ಅಷ್ಟೆ. ಅಂಕ ಹೋಗುತ್ತದೆ, ಇನ್ನೇನೂ ಹೋಗುವುದಿಲ್ಲ. ಎತ್ತದಿದ್ದರೆ ವನಗೂರು, ಫೋನು, ಯಸಳೂರಿನ ಗಂಡು. ಹಾಡುವವರು ಅದೇ ಸಾಲನ್ನು ಮತ್ತೆ ಎತ್ತಿಕೊಂಡರು. ಎದುರಿಗೆ, ಮೊದಲ ಸಲ, ಕಂಬ ಇರಲಿಲ್ಲ. ಅಲ್ಲಿದ್ದವರನ್ನು ಬಿಟ್ಟು ಖಾಲಿ ಗಾಳಿಯನ್ನು ನೋಡಲು ಅವಳಿಗೆ ಮನಸ್ಸು ಬರಲಿಲ್ಲ.

ಪದ ಮುಗಿಯುವವರೆಗೆ ಅವಳು ಕಣ್ಣು ಎತ್ತಲಿಲ್ಲ.

"ನಾಯಕ ಕುಗ್ಗಿದ," ಅಂದರು ಶೀಲಾ ಮೇಡಂ. ದನಿ ಒಣಗಿತ್ತು. "ನಮ್ಮಲ್ಲಿ ಅದು ತಪ್ಪು."

"ತಪ್ಪೇ. ಅಂಕ ಕಳೀರಿ," ಅಂದರು ಸುಮಿತ್ರಮ್ಮ. ಬಿಂದುವಿನ ಕಡೆ ತಿರುಗಿದರು. "ನಿನ್ನ ನಾಯಕ ಎಷ್ಟೆತ್ತರ ಮಗು?"

ಬಿಂದು ಕೈಯೆತ್ತಿ ತನ್ನ ಮೂಗಿನ ಮಟ್ಟಕ್ಕೆ ಹಿಡಿದಳು. "ಇಷ್ಟು."

"ಮೊದಲೆರಡು ಸಾಲಲ್ಲಿ ಬೇರೆ ಇತ್ತಲ್ಲ?"

"ಅವಾಗ ಯಾರೂ ಇರ್ಲಿಲ್ಲ ಅಮ್ಮ."

ಸುಮಿತ್ರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಬೆಳಿಗ್ಗೆಯಿಂದ ಇಷ್ಟು ಜನ ಕುಣಿದರು ಶೀಲಾ. ಎಲ್ಲರ ಎತ್ತರವೂ ಸರಿ ಇತ್ತು. ಆದರೆ ಎದುರಿಗೆ ಒಬ್ಬರು ಇದ್ದದ್ದು ಇವಳಲ್ಲಿ, ಮತ್ತೆ ಆ ಮೊದಲನೇ ಹುಡುಗಿಯಲ್ಲಿ. ಇಬ್ಬರಲ್ಲಿ ಇವಳ ಅರಮಂಡಿ ಗಟ್ಟಿ. ನನ್ನ ಲೆಕ್ಕ ಇಷ್ಟೆ. ಶಾಲೆ ನಿಮ್ಮದು."

ಶೀಲಾ ಮೇಡಂ ಅಂಕಗಳನ್ನು ಎರಡು ಸಲ ಕೂಡಿದರು. ಆಮೇಲೆ ಬಿಂದುವಿನ ಹೆಸರು ಓದಿದರು. ಮರುಕ್ಷಣ, "ಆಫೀಸಿಗೆ ಬಾ. ನಿಮ್ಮ ಮನೆಗೆ ಫೋನ್ ಮಾಡಬೇಕು," ಅಂದರು.

ಅಂಗಳ ದಾಟುವಷ್ಟರಲ್ಲಿ ಬಿಂದು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿಬಿಟ್ಟಿದ್ದಳು.

ಫೋನಿನ ಸ್ಪೀಕರಿನಲ್ಲಿ ಅಪ್ಪನ ದನಿ ಬಂತು. ಹಿಂದೆ ಮೆಣಸು ಕುಯ್ಯುವ ಹೆಂಗಸರ ಗದ್ದಲ. "ಹಲೋ? ಮೇಡಂ? ಏನಾಯ್ತು, ಮಗೀಗೆ ಉಸಾರಿಲ್ವಾ?"

"ಹುಷಾರಾಗಿದ್ದಾಳೆ. ಆಯ್ಕೆ ಆದಳು. ಇಲ್ಲೇ ಉಳಿಸಿಕೊಳ್ತೀವಿ."

ಗದ್ದಲ ನಿಂತಿತು. ಅಪ್ಪ ಫೋನಿಗೆ ಕೈ ಅಡ್ಡ ಹಿಡಿದು ಯಾರಿಗೋ ಕೂಗಿ ಹೇಳಿದ. ಮತ್ತೆ ಬಂದು, "ಎಂಗೆ ಗೆದ್ಲು ಮೇಡಂ? ಅಂಥಾದ್ದು ಏನ್ ಮಾಡುದ್ಲು?" ಅಂದ.

ಶೀಲಾ ಮೇಡಂ ಬಿಂದುವನ್ನೇ ನೋಡುತ್ತಿದ್ದರು. ಹಿಂದಿನ ವರ್ಷ ಇದೇ ಕುರ್ಚಿಯಲ್ಲಿ ಕೂತು ಅವರು ಎರಡು ಮನೆಗಳಿಗೆ ಫೋನ್ ಮಾಡಿದ್ದರು.

"ಚೆನ್ನಾಗಿ ಅಭಿನಯ ಮಾಡಿದಳು," ಅಂದು ಫೋನ್ ಇಟ್ಟರು. "ನಾನು ನೋಡಿದ್ದು ನೃತ್ಯ. ನೃತ್ಯದಲ್ಲಿ ಕಂಡದ್ದನ್ನ ಫೋನಿನಲ್ಲಿ ಹೇಳೋಕೆ ಬರಲ್ಲ. ಹೋದ ವರ್ಷವೂ ನನಗೆ ಇಷ್ಟು ಬುದ್ಧಿ ಇರಬೇಕಿತ್ತು. ಹೋಗು, ಮುಖ ತೊಳ್ಕೋ."

ರುಬೀನಾ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕಾಲು ನೆನೆಸುತ್ತಿದ್ದಳು. ಅತ್ತಿದ್ದಳು ಅನ್ನುವುದು ಕಣ್ಣಿನಲ್ಲಿ ಕಾಣುತ್ತಿತ್ತು.

"ಏನಂದ್ರೇ?"

"ಇರು ಅಂದ್ರು."

"ಸದ್ಯ!" ಅವಳು ಜೋರಾಗಿ ಉಸಿರು ಬಿಟ್ಟಳು. "ನಾನು ಹಾಸನದ ಕಾಲೇಜಿಗೆ ಹೋಗ್ತೀನಿ. ಅಲ್ಲೂ ಒಬ್ರು ಕಲಿಸೋರು ಇದಾರಂತೆ, ನಮ್ಮ ಅಬ್ಬಾ ವಿಚಾರಿಸವ್ರೆ. ಇವತ್ತಿಗೆ ಮಾತ್ರ ಹೊಟ್ಟೆ ಉರೀತೈತೆ ಕಣೇ, ಸುಳ್ಳು ಯಾಕೆ ಹೇಳ್ಲಿ. ನನ್ನ ನೋಡ್ಕೊಂಡು ಕುಣಿದು ನನ್ನೇ ಸೋಲಿಸ್ದೆ. ಅರ್ಧ ಬಹುಮಾನ ನಂಗೆ ಬರ್ಬೇಕು."

ಬಿಂದುವಿನ ಕಿವಿ ಬಿಸಿಯಾಯಿತು. "ನಿನ್ನೇ ಅಂತ ಯಾರಂದ್ರು?"

"ಇಡೀ ಶಾಲೇಲಿ ನಿನ್ನ ಮೂಗಿನ ಮಟ್ಟಕ್ಕೆ ಇರೋಳು ಇನ್ಯಾರೇ?" ಅವಳು ನಗಲು ಹೋಗಿ ನಿಲ್ಲಿಸಿದಳು. ನೀರಿನೊಳಗಿನ ಕಾಲನ್ನು ನೋಡುತ್ತ ಹೇಳಿದಳು: "ಹಾಲಲ್ಲಿ ನನ್ನ ಗೀರು ಐತಲ್ಲ, ಅದರ ಎದುರು ಹೋಗಿ ಒಂದ್ಸಲ ನಿಂತ್ಕೋ. ಸರಿಯಾಗಿ ನಿನ್ನ ಕಣ್ಣಿಗೆ ಬರ್ತೈತೆ. ಎರಡು ವರ್ಷದಿಂದ. ನಾನು ಕುಳ್ಳಿ ನೋಡು, ನನ್ನ ತಲೆಗಿಂತ ಮೇಲೈತಲ್ಲ, ಎತ್ತರದ ನಾಯಕ ಅಂತ ಎಲ್ರೂ ಅಂದ್ಕೊಂಡ್ರು. ನನ್ನ ಕಡೆ ಯಾರೂ ಬೆರಳು ತೋರಿಸ್ಲೇ ಇಲ್ಲ."

ಬಿಂದು ಕಟ್ಟೆಯ ಮೇಲೆ ಅವಳ ಪಕ್ಕ ಕೂತಳು. ರುಬೀನಾ ಒದ್ದೆಯಾದ ತನ್ನ ಕೈಯನ್ನು ತಂದು ಅವಳ ಕೈಯ ಮೇಲಿಟ್ಟಳು. ಎರಡೂ ಕೈ ಬಿಸಿಲಲ್ಲಿ ಒಣಗುವವರೆಗೆ ಅಲ್ಲೇ ಇದ್ದವು.

ಹಾಲಿನ ಕಡೆಯಿಂದ ಪ್ರಜ್ವಲ್ ಕೂಗುತ್ತ ಬಂದ. "ಊಟಕ್ಕೆ ಬರ್ರೇ, ಪಾಯಸ ಮಾಡವ್ರೆ!" ಹತ್ತಿರ ಬಂದವನು ಇಬ್ಬರ ಮುಖವನ್ನೂ ನೋಡಿ ನಿಂತ. ರುಬೀನಾ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಅವನ ತಲೆಗೊಂದು ಮೊಟಕಿ ಮುಂದೆ ನಡೆದಳು.

"ಏನಾಯ್ತೇ?" ಅಂದ ಅವನು ಪಿಸುದನಿಯಲ್ಲಿ. "ಏನೋ ಆಗೈತೆ. ಹೇಳೇ ಮಾರಾಯ್ತಿ, ನಂಗಲ್ದೆ ಇನ್ಯಾರಿಗೆ ಹೇಳ್ತೀಯ?"

ಬಿಂದು ಬಾಯಿ ತೆರೆದಳು. ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ಹೆದರಿ ಮುಚ್ಚಿಟ್ಟದ್ದು; ಅದರ ಭಾರ ತಾಳಲಾಗದೆ ಇವನಿಗೆ ಹೇಳಿಕೊಳ್ಳುತ್ತಿದ್ದಳು. ಇದರಲ್ಲಿ ಭಾರವೇ ಇರಲಿಲ್ಲ; ಇದು ತಮ್ಮಿಬ್ಬರದೇ ಆಗಿ ಇರಲಿ ಅನ್ನಿಸಿತು.

"ಏನಿಲ್ಲ ಕಣೋ, ನಡಿ," ಅಂದಳು. ಇದನ್ನು ಅವನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಅಂತ ಅಲ್ಲೇ ತೀರ್ಮಾನಿಸಿದಳು.