ಸಿಟ್ಟೇ ಬಾರದ ಬಡಗಿ

ಜೈಲಿನಲ್ಲಿ ಅವಳಿಗೆ ಸಿಟ್ಟಿನ ಡಾಕ್ಟರಮ್ಮ ಎಂದೇ ಹೆಸರು. ಓದಿದ್ದು ಮನಶ್ಶಾಸ್ತ್ರ, ಹೊಟ್ಟೆಪಾಡು ಕೈದಿಗಳನ್ನು ಕೆಣಕುವುದು. ಬಿಡುಗಡೆ ಕೇಳಿ ಬಂದವನನ್ನು ಬೇಕೆಂದೇ ಕಾಯಿಸುವಳು, ಅಲ್ಲಾಡುವ ಕುರ್ಚಿ ಕೊಡುವಳು, ಅವನು ಮಾತಾಡುವಾಗಲೇ ಫೋನು ಎತ್ತುವಳು. ಯಾರ ಸಿಟ್ಟು ಯಾವಾಗ ನೆತ್ತಿಗೇರುತ್ತದೆ ಎಂದು ನೋಡಿ ನೋಡಿ ವರದಿ ಬರೆಯುವುದರಲ್ಲೇ ಅವಳ ಕೂದಲು ಬೆಳ್ಳಗಾಗಿತ್ತು. ಇದಕ್ಕೆ ಸಂಬಳ ಬೇರೆ ಕೊಡುತ್ತಾರಲ್ಲ ಎಂದು ಗಂಡ ಛೇಡಿಸುತ್ತಿದ್ದ.

ಹೆಂಡತಿಯನ್ನು ಕೊಂದು ಒಳಗೆ ಬಂದಿದ್ದ ಬಡಗಿ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಕುರ್ಚಿಯ ಕಾಲು ಬಗ್ಗಿ ನೋಡಿ, "ಒಂದು ಮೊಳೆ ಹೊಡೆದ್ರೆ ಸರಿಹೋಗುತ್ತೆ ಮೇಡಂ," ಅಂದ. ಡಾಕ್ಟರಮ್ಮನಿಗೆ ಅವನು ಹಿಡಿಸಿಯೇ ಬಿಟ್ಟ. ಬಿಡಬಹುದು ಎಂದು ವರದಿ ಸಿದ್ಧವಾಯಿತು, ಸಹಿಯೊಂದು ಬಾಕಿ.

ಬಿಟ್ಟರೆ ಅವನು ಇರಬೇಕಾದದ್ದು ಅಕ್ಕನ ಮನೆಯಲ್ಲಿ. ಅಕ್ಕ ಒಂಟಿ ಹೆಂಗಸು, ಟೈಲರ್. ಅವಳ ಒಪ್ಪಿಗೆ ಬೇಕಿತ್ತು. ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡಳು.

"ನನ್ನ ತಮ್ಮ ಚಿನ್ನದಂಥವನು ಮೇಡಂ. ಬೇಗ ಕಳಿಸ್ಕೊಡಿ," ಎಂದು ಅಕ್ಕ ಅಂಗಲಾಚಿದಳು.

"ಮನೆ ವಿಳಾಸ ಹೇಳಿ."

ಅಕ್ಕ ತಡವರಿಸಿದಳು.

"ಸರಿಯಾಗಿ ಹೇಳಕ್ಕಾ," ಅಂದ ಬಡಗಿ, ಮೆಲ್ಲಗೆ.

ಅಷ್ಟೇ. ಹುಟ್ಟಿದಾಗಿನಿಂದ ಇದ್ದ ಮನೆಯ ನಂಬರು ಅಕ್ಕನಿಗೆ ಮರೆತೇ ಹೋಯಿತು. ಅವನು ಇನ್ನೂ ಮೆಲ್ಲಗೆ, "ಹೇಳಕ್ಕಾ," ಅಂದ. ಅವಳು ಭುಜ ಕುಗ್ಗಿಸಿ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡಳು.

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಇಷ್ಟು ವರ್ಷ ಅವಳು ಅಳೆದದ್ದು ತನ್ನ ಮೇಲೆ ಬರುವ ಸಿಟ್ಟನ್ನು. ಕಂಡವರ ಮೇಲೆ ಇವನೇಕೆ ಸಿಟ್ಟಾಗುತ್ತಾನೆ? ಇವನದೇನಿದ್ದರೂ ಮನೆಯವರ ಮೇಲೆ, ಅದೂ ದನಿ ಏರಿಸದೆ. ಇಂಥ ಎಷ್ಟು ಜನರಿಗೆ ಸಹಿ ಹಾಕಿದೆನೋ ಎಂದು ಅವಳಿಗೆ ನಾಚಿಕೆಯಾಯಿತು, ಭಯವೂ ಆಯಿತು.

ಪೇದೆಯನ್ನು ಕರೆದು ಬಡಗಿಯನ್ನು ಒಳಗೆ ಕಳಿಸಿದಳು. ಅವನು ನಗುತ್ತಲೇ ಹೋದ. ಬಾಗಿಲು ಮುಚ್ಚಿತು.

"ಈಗ ಹೇಳಿ. ಅವನು ಬರೋದು ನಿಮಗೆ ಇಷ್ಟಾನಾ?"

"ಒಡಹುಟ್ಟಿದವನು ಮೇಡಂ. ಬೇಡ ಅನ್ನೋಕಾಗುತ್ತಾ?"

"ನೀವು ಅನ್ನಬೇಡಿ. ಬೇಡ ಅಂತ ನಾನು ಬರೀತೀನಿ."

ಅಕ್ಕ ಕುರ್ಚಿಯನ್ನು ಮತ್ತೆ ಮುಂದಕ್ಕೆಳೆದುಕೊಂಡಳು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ನಾನು ಕಾಲು ಹಿಡಿದು ಬೇಡ್ಕೊಂಡ್ರೂ ನೀವು ಒಪ್ಲಿಲ್ಲ ಅಂತ ಅವನಿಗೆ ಹೇಳ್ತೀರಲ್ವಾ?"