ಸೀಳಿದ ಪುಂಗಳಿ

ಹೆಣವನ್ನು ಮೀಯಿಸಿ ಹೊಸ ಧೋತರ ಸುತ್ತುತ್ತಿದ್ದಂತೆಯೇ ತಂಗೆವ್ವ ದಡಕ್ಕನೆ ಎದ್ದು ಕುರಿದೊಡ್ಡಿಯ ಕಡೆ ನಡೆದುಬಿಟ್ಟಳು.

"ಎಲ್ಲಿಗೆ ಹೊಂಟಿ? ಗಂಡನ್ನ ಅಂಗಳದಾಗ ಮಲಗಿಸಿ ಕುರಿ ನೋಡಾಕ ಹೊಂಟಿ ಏನು?" ನಾದಿನಿ ಸುನಂದಾಬಾಯಿ ಸೆರಗು ಹಿಡಿದು ಜಗ್ಗಿದಳು.

"ಅವ್ರದ ಕೆಲಸ ಐತಿ, ಬಿಡು."

ಬುಧಗಾಂವದ ಹೆಂಗಸರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಪಾಪ, ತಲೆ ಕೆಟ್ಟಿದೆ ಎಂದು ಒಬ್ಬಳು ಕಣ್ಣೊರೆಸಿಕೊಂಡೂ ಬಿಟ್ಟಳು. ನಿಜ ಹೇಳಬೇಕೆಂದರೆ, ಆ ಅಂಗಳದಲ್ಲಿ ಅವತ್ತು ನೆಟ್ಟಗಿದ್ದದ್ದು ಅದೊಂದೇ ತಲೆ.

ನಡೆದದ್ದಿಷ್ಟು. ಅವಳ ಗಂಡ ಧೋಂಡಿಬಾ ಹದಿನೆಂಟು ವರ್ಷ ದುಡಿದ ಶೂಟಿಂಗ್ ಕ್ಲಬ್ಬಿನ ಸೆಕ್ರೆಟರಿ, ಸಾಂಗಲಿ ಪೇಟೆಯ ವ್ಯಾಪಾರಿ ಓಂಪ್ರಕಾಶ, ಆಗಷ್ಟೇ ದೊಡ್ಡ ಹಾರ ಹಿಡಿದು ಕಾರಿನಿಂದ ಇಳಿದಿದ್ದ. ಇಳಿದವನು ಸುಮ್ಮನೆ ಹಾರ ಹಾಕಬಾರದಿತ್ತೆ? ಪಕ್ಕದವರಿಗೆ ಹೇಳಿದ: "ಭಾಳ ಚಲೋ ಮನಶ್ಯಾ. ಕಡೀಕ ಕೈ ನಡುಗಾಕತ್ತಿದ್ವು, ಅಷ್ಟ." ಆ ಮಾತು ತಂಗೆವ್ವನ ಕಿವಿಗೆ ಬಿತ್ತು. ಇಂಥ ಮಾತು ಹೊತ್ತುಕೊಂಡು ತನ್ನ ಗಂಡ ಮಣ್ಣಿಗೆ ಹೋಗಬಾರದು ಎಂದೇ ಅವಳು ಎದ್ದಿದ್ದಳು.

*

ಧೋಂಡಿಬಾ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು. ನಿವೃತ್ತಿಯಾದ ಮೇಲೆ ಕ್ಲಬ್ಬಿಗೆ ಸೇರಿದ. ಹೊಡೆದು ಮುಗಿದ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆಗೆ ಅಲ್ಲಿ ಪುಂಗಳಿ ಎನ್ನುತ್ತಾರೆ. ಅವನ್ನು ಆರಿಸಿ, ತೊಳೆದು, ಒತ್ತುಯಂತ್ರದಲ್ಲಿ ಅಳತೆಗೆ ತಂದು, ಮತ್ತೆ ಮದ್ದು ತುಂಬಿ ಗುಂಡು ಕೂರಿಸುವುದು ಅವನ ಕೆಲಸ. ಹದಿನೆಂಟು ವರ್ಷದಲ್ಲಿ ಒಂದೂ ಕೈಕೊಟ್ಟಿರಲಿಲ್ಲ.

ಈ ಮಳೆಗಾಲದಲ್ಲಿ ಒಂದೇ ಬೆಳಿಗ್ಗೆ ಏಳು ಪುಂಗಳಿಗಳು ಗುಂಡು ಕೂರುವ ಕುತ್ತಿಗೆಯ ಹತ್ತಿರ ಸೀಳಿದವು. ರಾಜ್ಯಮಟ್ಟದಲ್ಲಿ ಆಡುವ ದೀಪಾಲಿಯ ಕೆನ್ನೆಗೆ ಬಿಸಿ ಹೊಗೆ ಬಡಿಯಿತು. ಮುದುಕ ಕೈ ನಡುಗಿಸಿ ಮದ್ದು ಹೆಚ್ಚು ಸುರಿದಿದ್ದಾನೆ ಎಂದು ಕಮಿಟಿಯವರು ತೀರ್ಮಾನಿಸಿದರು. "ಆರಾಮ ತಗೋರಿ ಕಾಕಾ," ಎಂದು ಓಂಪ್ರಕಾಶ ಬೆನ್ನು ಸವರಿ ಮನೆಗೆ ಕಳಿಸಿದ. ಬೈದು ಕಳಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಧೋಂಡಿಬಾ ಸೀಳಿದ ಪುಂಗಳಿಯೊಂದನ್ನು ಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಊಟ ಬಿಟ್ಟು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ.

"ಮದ್ದು ಹೆಚ್ಚಾದ್ರ ಬುಡ ಕೆಡತೈತಿ. ಇದರ ಬುಡ ಹೊಸಾದರಂಗ ಐತಿ. ಕುತ್ತಿಗಿ ಅಷ್ಟ ಸೀಳೈತಿ. ಹ್ಯಾಂಗ?"

ತಂಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಇವನ್ನ ಎಲ್ಲಿ ಇಟ್ಟಿದ್ರು?"

"ಹೊಳಿ ಏರಾಕತ್ತಿತ್ತಲ್ಲ, ಕ್ಲಬ್ಬಿಗೆ ನೀರು ಹೊಕ್ಕೀತಂತ ಸೆಕ್ರೆಟರಿಯವ್ರು ಪುಂಗಳಿ ಡಬ್ಬಿ ಒಯ್ದು ತಮ್ಮ ಎಮ್ಮಿ ಕೊಟ್ಟಿಗಿ ಅಟ್ಟದ ಮ್ಯಾಲ ಇಟ್ಟಿದ್ರು. ಎರಡು ತಿಂಗಳಾತು."

"ಅಯ್ಯ ನಿಮ್ಮ! ಹಿತ್ತಾಳಿ ತಂಬಿಗಿ ದೊಡ್ಡ್ಯಾಗ ತೂಗಹಾಕಬ್ಯಾಡ ಅಂತ ನಿಮ್ಮವ್ವ ಸಾಯೂತನಕ ಬಡಕೊಂಡ್ಳು. ಉಚ್ಚಿ ಘಾಟು ಹತ್ತಿದ್ರ ಯಾರೂ ಮುಟ್ಟದ ಸೀಳತಾವು. ಮರತ್ರಿ ಏನು?"

ಧೋಂಡಿಬಾ ಪುಂಗಳಿಯನ್ನು ಮೂಗಿಗೆ ಹಿಡಿದು ನೋಡಿದ. ನಲವತ್ತು ವರ್ಷ ಬಂದೂಕು ಬಿಚ್ಚಿ ಜೋಡಿಸಿದವನಿಗೆ ಹೊಳೆಯದ್ದು ಹೆಂಡತಿಗೆ ಹಿಟ್ಟಿನ ಕೈಯಲ್ಲೇ ಹೊಳೆದಿತ್ತು. ಮರುದಿನ ತನ್ನ ಟ್ರಂಕಿನಿಂದ ಹತ್ತು ಒಳ್ಳೆಯ ಪುಂಗಳಿ ತೆಗೆದ. ಎಲ್ಲವೂ ಒಂದೇ ಅಳತೆಗೆ ಒತ್ತಿದವೇ. ಐದನ್ನು ಅಡುಗೆಮನೆಯ ಗೂಡಿನಲ್ಲಿಟ್ಟ. ಐದನ್ನು ತೂತು ಕೊರೆದ ಡಬ್ಬಿಗೆ ಹಾಕಿ ದೊಡ್ಡಿಯ ಗೂಟಕ್ಕೆ ಕಟ್ಟಿದ.

"ಅಮಾಸಿಗೆ ತಗದು ನೋಡೂಣು. ಅಲ್ಲೀತನಕ ಮುಟ್ಟಬ್ಯಾಡ," ಎಂದ. ಅಮಾವಾಸ್ಯೆಗೆ ಇನ್ನೂ ಮೂರು ದಿನ ಇರುವಾಗ, ಮಧ್ಯಾಹ್ನ ಮಲಗಿದವನು ಏಳಲಿಲ್ಲ.

*

ತಂಗೆವ್ವ ದೊಡ್ಡಿಯ ಗೂಟದಿಂದ ಡಬ್ಬಿ ಬಿಚ್ಚಿಕೊಂಡಳು, ಒಳಗೆ ನೋಡಲಿಲ್ಲ. ನೋಡಲು ಧೈರ್ಯ ಸಾಲಲಿಲ್ಲ. ಒಂದೂ ಸೀಳಿರದಿದ್ದರೆ? ಗಂಡನ ಮೇಲಿನ ಮಾತಿಗೆ ಊರೆದುರು ತಾನೇ ಮುದ್ರೆ ಒತ್ತಿದಂತಾಗುತ್ತಿತ್ತು. ಆದರೂ ಗೂಡಿನ ಐದನ್ನೂ ಸೆರಗಿಗೆ ಹಾಕಿಕೊಂಡು ನೇರ ಅಂಗಳಕ್ಕೆ ಬಂದಳು.

"ಸಾವಕಾರ್ರ, ಹಾರ ಆಮ್ಯಾಲ ಹಾಕ್ರಿ. ಮೊದಲು ಈ ಡಬ್ಬಿ ತಗೀರಿ."

"ಈಗ ಯಾಕ್ರಿ ಕಾಕೂ..." ಓಂಪ್ರಕಾಶ ತಡವರಿಸಿದ.

"ಈಗ. ಅವ್ರ ಮುಂದ."

ಅವನು ಡಬ್ಬಿಯನ್ನು ಅಂಗೈಗೆ ಬಗ್ಗಿಸಿದ. ಅವನ ಹಿಂದೆ ನಿಂತಿದ್ದ ದೀಪಾಲಿ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದಳು. ಕುತ್ತಿಗೆಯ ಬಿರುಕಿನಿಂದ ಕೂದಲೆಳೆಯಷ್ಟು ಬೆಳಕು ತೂರಿ ಬಂತು.

"ಹೇ... ಇದು ತೇಚ್! ಅದೇ ಸೀಳು!" ಅವಸರದಲ್ಲಿ ಅವಳಿಗೆ ಮರಾಠಿ ಯಾವುದು ಕನ್ನಡ ಯಾವುದು ತಿಳಿಯಲಿಲ್ಲ. ಐದರಲ್ಲಿ ನಾಲ್ಕು ಸೀಳಿದ್ದವು. ಗೂಡಿನಲ್ಲಿದ್ದ ಐದಕ್ಕೆ ಗೀರೂ ಬಿದ್ದಿರಲಿಲ್ಲ.

"ದೊಡ್ಡ್ಯಾಗ ಕಟ್ಟಿದ್ದು ಇವು," ಎಂದಳು ತಂಗೆವ್ವ. "ಇದರಾಗ ನಮ್ಮನಿಯವ್ರು ಎಷ್ಟು ಮದ್ದು ತುಂಬಿದ್ರು? ಹೇಳ್ರಿ."

ಅವಳೇ ಒಂದು ಪುಂಗಳಿಯನ್ನು ಅಂಗೈ ಮೇಲೆ ಬೋರಲು ತಟ್ಟಿ ತೋರಿಸಿದಳು.

"ಒಂದು ಕಾಳೂ ತುಂಬಿಲ್ಲ. ಉಚ್ಚಿ ಘಾಟಿಗೆ ಸೀಳ್ಯಾವು. ನಿಮ್ಮ ಅಟ್ಟದಾಗ ಎಮ್ಮಿದು, ನಮ್ಮ ದೊಡ್ಡ್ಯಾಗ ಕುರೀದು. ಅಷ್ಟ ಫರಕ."

ಓಂಪ್ರಕಾಶನ ಮುಖ ಇಳಿಯಿತು. ವ್ಯಾಪಾರಿಯಾದರೂ ಮನುಷ್ಯ ಒಳ್ಳೆಯವನು, ಮುಚ್ಚಿಡಲು ನೋಡಲಿಲ್ಲ. "ತಪ್ಪು ನಂದು ಕಾಕೂ. ಡಬ್ಬಿ ಅಲ್ಲಿ ಇಟ್ಟವ ನಾನ."

"ನನಗ್ಯಾಕ ಹೇಳತೀರಿ? ಅವ್ರಿಗೆ ಹೇಳ್ರಿ. ಬಂದೂಕಿನ ಸಪ್ಪಳಕ್ಕ ಕಿವಿ ಮಂದ ಆಗಿದ್ವು, ಜೋರಲೆ ಹೇಳ್ರಿ."

ಓಂಪ್ರಕಾಶ ಹೆಣದ ಪಕ್ಕ ಮಂಡಿಯೂರಿ, ಪೇಟೆಯಲ್ಲಿ ಹರಾಜು ಕೂಗುವ ಗಂಟಲಿನಲ್ಲೇ ಕೂಗಿದ: "ಕಾಕಾ! ನಿಮ್ಮ ಕೈ ನಡುಗಿಲ್ಲ! ತಪ್ಪು ನಂದು!" ಓಣಿಯ ಕೊನೆಯ ಮನೆಯವರೂ ಬಾಗಿಲಿಗೆ ಬಂದರು.

ತಂಗೆವ್ವ ಆಗ ಅತ್ತಳು. ಅಳುತ್ತಲೇ ನಗುತ್ತಿದ್ದಳು. ಎರಡನ್ನೂ ಅವಳು ಮುಚ್ಚಿಕೊಳ್ಳಲಿಲ್ಲ.

ಸಿದಿಗೆ ಎತ್ತುವ ಹೊತ್ತಿಗೆ ಮಗ ಸುಭಾಷ ಮಡಕೆ ಹಿಡಿದು ಮುಂದೆ ನಿಂತ. ಓಂಪ್ರಕಾಶ ಬೂಟು ಕಳಚಿ, ಯಾರನ್ನೂ ಕೇಳದೆ, ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟ. ಕುರುಬರ ಓಣಿಯವರು ಬೀರದೇವರ ಹೆಸರು ಕೂಗಿ ಮುಷ್ಟಿ ಮುಷ್ಟಿ ಭಂಡಾರ ಎರಚಿದರು. ಅವನ ಬಿಳಿ ಅಂಗಿ, ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ತಲೆ ಎಲ್ಲವೂ ಅರಿಶಿನಮಯವಾದವು. ಒರೆಸಿಕೊಳ್ಳಲು ಕೈ ಎತ್ತದೆ, ಅರೆಗಣ್ಣು ಮುಚ್ಚಿಕೊಂಡು, ಬರಿಗಾಲಲ್ಲಿ ಕಲ್ಲಿನ ಹಾದಿ ತಡವುತ್ತ ಅವನು ಧೋಂಡಿಬಾನನ್ನು ಹೊತ್ತು ನಡೆದ.